ಆ ವರ್ಷದ ಈಸ್ಟರ್‌ಗೆ ಆರಿಸಿದ ಹಾಡುಗಳು

ಈಸ್ಟರ್ ಭಾನುವಾರ ಬೆಳಕು ಹರಿಯುವುದಕ್ಕೆ ಸ್ವಲ್ಪ ಮೊದಲು ನಾನು ನಮ್ಮ ಚರ್ಚಿನ ಸಭೆಯ ಸಮಾಧಿ ಸ್ಥಳದಲ್ಲಿ, ಪೂರ್ವದ ಗೋಡೆಗೆ ಬೆನ್ನು ಮಾಡಿ ನಿಂತಿದ್ದೆ. ಗಾಯಕರ ಸಾಲಿನಲ್ಲಿ ದಕ್ಷಿಣದ ತುದಿಯವನು ನಾನು. ನನ್ನ ಎಡಗಡೆ ಯಾರೂ ಇರಲಿಲ್ಲ, ಒಂದು ಗೇರು ಮರ ಇತ್ತು. ಬಲಗಡೆ ಕಾರ್ಕಳದ ಕಡೆಯ ಹಿರಿಯರೊಬ್ಬರು ಇದ್ದರು. ಕೊರೊನಾದ ನಿರ್ಬಂಧಗಳು ಹೋಗಿ ಜನ ಮತ್ತೆ ಒಟ್ಟಿಗೆ ನಿಂತು ಹಾಡಲು ಶುರು ಮಾಡಿದ ಮೇಲೆ ಬಂದ ಎರಡನೆಯ ಈಸ್ಟರ್ ಅದು.

ನಿಂತ ಜಾಗವನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಉಂಟು. ಅಂದು ಸಭೆಯ ಜನರೆಲ್ಲ ಅಲ್ಲಿದ್ದರು, ಆದರೆ ಎಲ್ಲರಿಗೂ ಒಂದೇ ಕಾಣುತ್ತಿರಲಿಲ್ಲ. ಜನ ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ ಸಮಾಧಿಗಳ ನಡುವೆ ನಿಲ್ಲುತ್ತಾರೆ. ಗಾಯಕರಾದ ನಾವು ಜನರ ಕಡೆಗೆ ತಿರುಗಿ ನಿಲ್ಲುತ್ತೇವೆ. ನಮ್ಮನ್ನು ಹಾಡಿಸುವವರು ನಡುವೆ, ಜನರಿಗೆ ಬೆನ್ನು ಮಾಡಿ, ನಮ್ಮ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಮೊದಲು ಅವರ ಮುಖದ ಮೇಲೆ ಬೀಳುತ್ತದೆ. ಆ ಮುಖ ಕಂಡದ್ದು ನಮ್ಮ ಸಾಲಿಗೆ ಮಾತ್ರ.

ಹಾಡಿಸುತ್ತಿದ್ದವರು ಕಾಪುವಿನ ಶಾಲೆಯೊಂದರಲ್ಲಿ ಗಣಿತ ಕಲಿಸುವವರು. ಸಭೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಟೀಚರ್. ಅವರ ಒಬ್ಬನೇ ಮಗ ಆ ವರ್ಷ ಈಸ್ಟರ್‌ಗೆ ಮೊದಲಿನ ಲೆಂಟ್ ಉಪವಾಸದ ದಿನಗಳಲ್ಲಿ ತೀರಿಕೊಂಡಿದ್ದ. ನಮ್ಮ ಕ್ವಯರಿನ, ಎಂದರೆ ಗಾಯಕರ ತಂಡದ, ಟೆನರ್ ಅವನು. ಅವನಿಲ್ಲದ ಈಸ್ಟರ್‌ಗೆ ಯಾವ ಹಾಡುಗಳನ್ನು ಆರಿಸುವುದು, ಯಾವುದನ್ನು ಹಾಡಿದರೆ ಟೀಚರ್ ತಡೆದುಕೊಂಡಾರು ಎಂಬುದು ನಮ್ಮ ಎದುರಿದ್ದ ಪ್ರಶ್ನೆ.

ನಾಲ್ಕು ಸ್ವರದಲ್ಲಿ ಹಾಡುವ ರೂಢಿ ನಮ್ಮ ಸಭೆಯಲ್ಲಿ ನನ್ನ ಅಜ್ಜನ ಕಾಲಕ್ಕಿಂತ ಹಳೆಯದು. ಜರ್ಮನಿಯಿಂದ ಬಂದ ಪಾದ್ರಿಗಳು ಕಲಿಸಿ ಹೋದದ್ದು. ಹೆಂಗಸರಲ್ಲಿ ಮೇಲಿನ ಸ್ವರ ಸೊಪ್ರಾನೊ, ಅದರ ಕೆಳಗಿನದು ಆಲ್ಟೊ. ಗಂಡಸರಲ್ಲಿ ಮೇಲಿನದು ಟೆನರ್, ತಳದ್ದು ಬೇಸ್. ರಾಗ ಸೊಪ್ರಾನೊದವರದು. ಉಳಿದ ಮೂರು ಸ್ವರಗಳು ಅದನ್ನು ಹೊತ್ತುಕೊಂಡು ಹೋಗುತ್ತವೆ. ನಾನು ಬೇಸ್. ಮಣಿಪಾಲದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಉಡುಪಿಯಲ್ಲಿ ಮನೆ. ಚರ್ಚಿನೊಳಗೆ ಕೀಬೋರ್ಡ್ ನುಡಿಸುವುದೂ ನಾನೇ. ಸಮಾಧಿ ಸ್ಥಳದಲ್ಲಿ ಕರೆಂಟ್ ಇಲ್ಲ. ಅಲ್ಲಿ ಗುಂಡಗಿನ ಒಂದು ಸಣ್ಣ ಪೀಪಿಯನ್ನು ಊದಿ ಎಲ್ಲರಿಗೂ ಶ್ರುತಿ ಕೊಡುತ್ತೇನೆ, ಆಮೇಲೆ ಬಾಯಿಗಳೇ ಹಾಡಬೇಕು.

ಈಸ್ಟರ್ ಬೆಳಗಿನ ಮೊದಲ ಹಾಡನ್ನು ಅದುವರೆಗೆ ಯಾರೂ ಆರಿಸಿದ್ದೇ ಇಲ್ಲ. ಅದು ಇದ್ದದ್ದೇ. ಸಮಾಧಿಯ ಬಾಯಿಗೆ ಇಟ್ಟ ಕಲ್ಲು ಉರುಳಿದ್ದನ್ನು ಹೇಳುವ ಹಾಡು, ಹಾಗಾಗಿ ನಾವು ಅದನ್ನು ಕಲ್ಲಿನ ಹಾಡು ಎನ್ನುತ್ತೇವೆ. ಅದರ ಮೂರನೆಯ ಸಾಲಿನಲ್ಲಿ ಸೊಪ್ರಾನೊ, ಆಲ್ಟೊ, ಬೇಸ್ ಮೂವರೂ ತಮ್ಮ ತಮ್ಮ ಸ್ವರದಲ್ಲಿ ತುಟಿ ಮುಚ್ಚಿ ನಿಲ್ಲಬೇಕು. ಟೆನರ್ ಮಾತ್ರ ಬಾಯಿ ತೆರೆದು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತುತ್ತದೆ. ಇಡೀ ಹಾಡಿನಲ್ಲಿ ಟೆನರ್ ಎಲ್ಲರಿಗೂ ಬೇರೆಯಾಗಿ ಕೇಳುವುದು ಅಲ್ಲಿ ಮಾತ್ರ. ಅದು ಮೇಲೆ ಮುಟ್ಟಿದ ಮೇಲೆ ನಾಲ್ಕನೆಯ ಸಾಲಿಗೆ ಎಲ್ಲರೂ ಬಾಯಿ ಬಿಡುತ್ತಾರೆ. ಜನ ಮೇಣದ ಬತ್ತಿ ಹಚ್ಚುವುದು ಆ ನಾಲ್ಕನೆಯ ಸಾಲಿಗೆ.

ನಮ್ಮಲ್ಲಿ ಟೆನರ್‌ಗೆ ಇದ್ದದ್ದು ಇಬ್ಬರು. ಒಬ್ಬರು ನಾನು ಮೊದಲು ಹೇಳಿದ ಹಿರಿಯರು. ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಕುಕ್ಕುಂದೂರಿನಲ್ಲಿ ಮನೆ. ಅವರಿಗೆ ಸ್ವರ ಚೆನ್ನಾಗಿತ್ತು, ಆದರೆ ಒಬ್ಬರೇ ಟೆನರ್ ಹಿಡಿಯಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಗಟ್ಟಿಯಾಗಿ ಹಾಡಿದರೆ ಅವರ ಬೆನ್ನು ಹಿಡಿದು ಹೋಗುತ್ತಿದ್ದರು. ಇಲ್ಲದಿದ್ದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸೊಪ್ರಾನೊದ ರಾಗಕ್ಕೆ ಜಾರುತ್ತಿದ್ದರು. "ಡ್ರೈವರ್ ಅವನು. ನಾನು ಹಿಂದಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್" ಎಂದು ಟೀಚರಿನ ಮಗನನ್ನು ತೋರಿಸಿ ಹೇಳುವರು.

ಡ್ರೈವರ್ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಹಾಸ್ಟೆಲಿನಿಂದ ಬಂದವನು ಪ್ರಾಕ್ಟೀಸ್ ಶುರುವಾಗುವವರೆಗೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಬ್ಯಾಗನ್ನು ತಲೆಗೆ ಇಟ್ಟುಕೊಂಡು ಮಲಗುತ್ತಿದ್ದ. ಪ್ರಾಕ್ಟೀಸಿನಲ್ಲಿ ಟೀಚರ್ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

"ಟೆನರ್, ನಿದ್ರೆ ಆಯಿತಾ?"

"ಆಯಿತು ಟೀಚರ್."

"ಕನಸಿನಲ್ಲಿ ಪ್ರಾಕ್ಟೀಸ್ ಮಾಡಿದ್ದುಂಟಾ?"

"ಮಾಡಿದೆ ಟೀಚರ್. ಅಲ್ಲಿ ಸರಿ ಬಂತು."

ಅವನಿಗೆ ಮೂರನೆಯ ಸಾಲನ್ನು ಎತ್ತುವಾಗ ಒಂದು ಉಸಿರು ತಡವಾಗುವ ಅಭ್ಯಾಸ ಇತ್ತು. ಹಾಗಾಗಿ ಟೀಚರ್ ಆ ಸಾಲಿಗೆ ಸ್ವಲ್ಪ ಮೊದಲೇ ಬಲಗೈಯನ್ನು ಅವನ ಕಡೆಗೆ ಚಾಚುವರು. ಎಡಗೈ ತಾಳ ಹಿಡಿದಿರುತ್ತಿತ್ತು. ಅವನು ಹತ್ತುತ್ತಾ ಹೋದಂತೆ ಆ ಬಲಗೈ ಮೇಲೇರುವುದು. ಮೇಲಿನ ಸ್ವರ ಸರಿಯಾಗಿ ಬಂದರೆ ಒಂದು ಸಲ ತಲೆ ಆಡಿಸುವರು. ಅವನಿಗೆ ಸಿಗುತ್ತಿದ್ದ ಶಭಾಸ್ ಅಷ್ಟೇ. ಅವನು ನಿಲ್ಲುತ್ತಿದ್ದದ್ದು ನನ್ನ ಬಲಗಡೆ, ನನ್ನ ಮತ್ತು ಕಂಡಕ್ಟರರ ನಡುವೆ. ಅವನ ಸ್ವರ ನನ್ನ ಬಲ ಕಿವಿಗೆ ಎಷ್ಟು ರೂಢಿಯಾಗಿತ್ತೆಂದರೆ, ನನ್ನ ಬೇಸ್ ಸರಿಯಾಗಿದೆಯೋ ಇಲ್ಲವೋ ಎಂದು ನಾನು ಅವನನ್ನು ಕೇಳಿಯೇ ತಿಳಿಯುತ್ತಿದ್ದೆ.

ಅವನಿಗೆ ಅಪಘಾತ ಆದದ್ದು ಪ್ರಾಕ್ಟೀಸಿಗೆ ಬರುವ ದಾರಿಯಲ್ಲಿ. ಗೆಳೆಯನ ಬೈಕಿನ ಹಿಂದೆ ಕೂತಿದ್ದ. ತಿರುವಿನಲ್ಲಿ ಜಲ್ಲಿ ಬಿದ್ದಿತ್ತು. ಗೆಳೆಯನಿಗೆ ಕೈ ಮುರಿಯಿತು. ಇವನಿಗೆ ತಲೆಗೆ ಪೆಟ್ಟಾಯಿತು. ನಾವು ಶುಭ ಶುಕ್ರವಾರದ ಹಾಡುಗಳನ್ನು ಹಾಡುತ್ತಾ, ಇವನಿಗೆ ಬಸ್ಸು ತಪ್ಪಿರಬೇಕು ಎಂದು ಮಾತಾಡಿಕೊಳ್ಳುತ್ತಿದ್ದೆವು. ಟೀಚರ್ ವಾಚು ನೋಡಿ, "ಬರಲಿ, ಇವತ್ತು ಕಿವಿ ಹಿಂಡುತ್ತೇನೆ" ಎಂದರು. ಆಮೇಲೆ ಅಯ್ಯನವರಿಗೆ ಫೋನು ಬಂತು. ನಮ್ಮಲ್ಲಿ ಪಾದ್ರಿಗಳನ್ನು ಅಯ್ಯನವರು ಎನ್ನುತ್ತೇವೆ. ಮಣಿಪಾಲದ ಆಸ್ಪತ್ರೆಯಲ್ಲಿ ಅವನು ಮರುದಿನ ಮಧ್ಯಾಹ್ನದವರೆಗೆ ಇದ್ದ. ತಂದೆ ಗಲ್ಫಿನಿಂದ ಬಂದು ತಲುಪಿದ್ದು ಮಣ್ಣು ಮಾಡುವ ಹೊತ್ತಿಗೆ. ಸಿಕ್ಕಿದ ರಜೆ ಮುಗಿದದ್ದೇ ಅವರು ವಾಪಸು ಹೋದರು. ಟೀಚರ್ ಒಬ್ಬರೇ ಉಳಿದರು. ಶಾಲೆಗೆ ಹೋಗುತ್ತಿದ್ದರು, ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಕ್ವಯರಿನ ಕಡೆಗೆ ಬರಲಿಲ್ಲ, ನಾವೂ ಕರೆಯಲಿಲ್ಲ.

ಈಸ್ಟರ್‌ಗೆ ಎರಡು ವಾರ ಇರುವಾಗ, ಗರಿಗಳ ಭಾನುವಾರಕ್ಕೆ ಮೊದಲಿನ ವಾರ, ಆರಾಧನೆ ಮುಗಿದ ಮೇಲೆ ಚರ್ಚಿನ ಪಕ್ಕದ ಜಗಲಿಯಲ್ಲಿ ಹಾಡು ಆರಿಸಲು ಕೂತೆವು. ಅಯ್ಯನವರು, ಕಂಡಕ್ಟರರು, ನಾನು, ಮತ್ತು ಆಲ್ಟೊ ಹಾಡುವ ಒಬ್ಬರು ಹೆಂಗಸು. ಅವರಿಗೆ ಕಾಪುವಿನ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಉಂಟು. ಟೀಚರಿಗೆ ಶಾಲೆಯ ದಿನಗಳಿಂದ ಗೆಳತಿ. ಟೀಚರ್ ಇಲ್ಲದಾಗ ಕ್ವಯರನ್ನು ನೋಡಿಕೊಳ್ಳುವವರು ಅವರೇ.

"ಕಲ್ಲಿನ ಹಾಡು ಬೇಡ" ಎಂದರು ಅವರು, ಕುರ್ಚಿಯನ್ನು ಇನ್ನೂ ಎಳೆದುಕೊಳ್ಳುತ್ತಿರುವಾಗಲೇ.

"ಅದಿಲ್ಲದೆ ಈಸ್ಟರ್ ಉಂಟಾ?" ಎಂದರು ಅಯ್ಯನವರು.

"ಅಯ್ಯನವರೇ, ಮೂರನೆಯ ಸಾಲಿಗೆ ಎಂತ ಮಾಡುವುದು? ಅಂಕಲ್ ಒಬ್ಬರೇ ಹತ್ತುತ್ತಾರಾ?"

ಕಂಡಕ್ಟರರು ಕೈ ಮುಗಿದರು. "ನನ್ನನ್ನು ಬಿಡು ಮಾರಾಯ್ತಿ. ನಾನು ಅರ್ಧ ದಾರಿಯಲ್ಲಿ ಇಳಿಯುವವನು."

"ಮತ್ತೆ ನಾವು ಮೂರು ಸ್ವರದವರು ಬಾಯಿ ಮುಚ್ಚಿಕೊಂಡು ಗುಂಯ್ ಅಂತ ನಿಲ್ಲುವುದಾ, ಟೀಚರ್ ಎದುರು? ಹೊಲಿಗೆ ಬಿಟ್ಟ ಜಾಗದ ಹಾಗೆ ಕಾಣುತ್ತದೆ ಅದು. ಅವಳಿಗೆ ಬೇರೆ ಎಂತದೂ ಕೇಳಲಿಕ್ಕಿಲ್ಲ, ಅದೇ ಕೇಳುವುದು."

ಮಣಿಪಾಲದ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟದಲ್ಲಿ ಒಬ್ಬ ಹುಡುಗ ಇದ್ದಾನೆ, ಮೆಡಿಕಲ್ ಓದುವವನು, ಟೆನರ್ ಚೆನ್ನಾಗಿ ಹಾಡುತ್ತಾನೆ, ಬೇಕಾದರೆ ಕೇಳಬಹುದು ಎಂದರು ಅಯ್ಯನವರು.

ಆಲ್ಟೊದವರು ಅವರ ಕಡೆಗೆ ತಿರುಗಿದರು. "ಆ ಜಾಗಕ್ಕೆ ಇನ್ನೊಬ್ಬರ ಮಗನನ್ನು ತಂದು ನಿಲ್ಲಿಸುವುದಾ?"

ಅಯ್ಯನವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಕೊನೆಗೆ ಆರಿಸಿದ್ದು ಏಕಸ್ವರದ ಹಾಡುಗಳನ್ನು. ಯುವಜನರು ಗಿಟಾರ್ ಹಿಡಿದು ಹಾಡುವಂಥ ಹೊಸ ಹಾಡುಗಳು, ಹೆಂಗಸರು ಗಂಡಸರು ಎಲ್ಲರೂ ರಾಗವನ್ನೇ ಹಾಡುವುದು. ಅದರಲ್ಲಿ ಟೆನರ್ ಎಂಬುದೇ ಇಲ್ಲ. ಇಲ್ಲದ್ದು ಇಲ್ಲವೆಂದು ಯಾರಿಗೂ ಕೇಳುವುದಿಲ್ಲ. ಬೆಳಗಿನ ಮೊದಲ ಹಾಡು, ಚರ್ಚಿನೊಳಗಿನ ಹಾಡುಗಳು, ಎಲ್ಲವೂ ಹಾಗೆಯೇ. ಅಯ್ಯನವರು ಒಂದೊಂದರ ಸಾಹಿತ್ಯವನ್ನೂ ಓದಿ ನೋಡಿ ಒಪ್ಪಿದರು. ನಾನು ಒಳಗೆ ಹೋಗಿ ಕೀಬೋರ್ಡಿನಲ್ಲಿ ನುಡಿಸಿ ತೋರಿಸಿದೆ. ಕಂಡಕ್ಟರರಿಗೆ ಹಗುರವಾದದ್ದು ಅವರ ಮುಖದಲ್ಲೇ ಕಂಡಿತು.

"ಟೀಚರಿಗೆ ಒಂದು ಮಾತು ಹೇಳುವುದು ಬೇಡವಾ?" ಎಂದು ಅಯ್ಯನವರು ಕೇಳಿದರು.

"ಹೇಗೆ ಕೇಳುವುದು ಅಯ್ಯನವರೇ? ನಿನ್ನ ಮಗ ಇಲ್ಲದ್ದಕ್ಕೆ ಹಾಡು ಬದಲಿಸುತ್ತೇವೆ, ನಿನಗೆ ಅಡ್ಡಿ ಇಲ್ಲ ಅಲ್ವಾ ಅಂತ ಕೇಳುವುದಾ?" ಎಂದರು ಆಲ್ಟೊದವರು.

ಆ ಜಗಲಿಯಲ್ಲಿ ಕೂತವರಲ್ಲಿ ಟೀಚರಿನ ಮೇಲೆ ಪ್ರೀತಿ ಇಲ್ಲದವರು ಇರಲಿಲ್ಲ. ಪ್ರೀತಿ ಇದ್ದದ್ದಕ್ಕೇ ಹಾಗೆ ಆರಿಸಿದರು. ನಾಲ್ಕು ಸ್ವರದಲ್ಲಿ ಹಾಡಿ ಬೆಳೆದವರಿಗೆ ಮಾತ್ರ ಹೊಳೆಯುವ ಉಪಾಯ ಅದು: ಒಂದು ಸ್ವರ ಹೋದರೆ ಉಳಿದ ಮೂರನ್ನೂ ತೆಗೆದು ಒಂದೇ ಮಾಡಿಬಿಡುವುದು.

ಈಸ್ಟರ್ ಹಿಂದಿನ ದಿನ ಸಮಾಧಿ ಸ್ಥಳವನ್ನು ಗುಡಿಸಿ, ನಿಲ್ಲುವ ಜಾಗ ನೋಡಿಕೊಂಡೆವು. ನನ್ನ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ತಾನಾಗಿಯೇ ಬಿಟ್ಟುಹೋಗಿತ್ತು. "ಸ್ವಲ್ಪ ಒತ್ತಿ ನಿಲ್ಲಿ" ಎಂದರು ಆಲ್ಟೊದವರು. ಕಂಡಕ್ಟರರು ನನ್ನ ಕಡೆಗೆ ಸರಿದರು.

ಮರುದಿನ ಬೆಳಗ್ಗೆ ಹೆದ್ದಾರಿಯ ಆಚೆಯ ಮಸೀದಿಯ ಬಾಂಗ್ ಮುಗಿಯುವವರೆಗೆ ಎಂದಿನಂತೆ ಕಾದೆವು. ಅದು ಮುಗಿಯುವ ಮೊದಲು ಶ್ರುತಿ ಕೊಟ್ಟರೆ ಎರಡೂ ಕಿವಿಯಲ್ಲಿ ಕಲಸಿಹೋಗುತ್ತವೆ. ಜನ ಮಲ್ಲಿಗೆ ತಂದು ತಮ್ಮ ತಮ್ಮವರ ಸಮಾಧಿಗಳ ಮೇಲೆ ಇಡುತ್ತಿದ್ದರು. ಟೀಚರ್ ವಾಯವ್ಯದ ಮೂಲೆಯಲ್ಲಿ, ಇನ್ನೂ ಕಲ್ಲು ಕಟ್ಟಿಸದ ಮಣ್ಣಿನ ದಿಬ್ಬದ ಹತ್ತಿರ ನಿಂತಿದ್ದರು. ಕತ್ತಲೆ ಪೂರ್ತಿ ಹೋಗಿರಲಿಲ್ಲ. ಅವರ ಸೀರೆಯ ಬಿಳಿ ಮಾತ್ರ ನನಗೆ ಕಾಣುತ್ತಿತ್ತು.

ಅಯ್ಯನವರ ಪ್ರಾರ್ಥನೆ ಮುಗಿಯಿತು. ಆಲ್ಟೊದವರು ಮುಂದೆ ಬಂದು ನಮ್ಮ ಎದುರು ನಿಂತರು. ನಾನು ಪೀಪಿ ಊದಿದೆ. ಹೊಸ ಹಾಡಿನ ಮೊದಲ ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಕೆಟ್ಟದಾಗಿ ಏನೂ ಹಾಡಲಿಲ್ಲ. ಜನರೂ ಸೇರಿಕೊಳ್ಳುತ್ತಿದ್ದರು. ಆಗ ಬಿಳಿ ಸೀರೆ ಸಮಾಧಿಗಳ ನಡುವಿನಿಂದ ನಮ್ಮ ಕಡೆಗೆ ಬರುವುದು ಕಂಡಿತು. ಅವರಿಗೆ ತಲೆ ಸುತ್ತು ಬಂದಿರಬೇಕೆಂದು ಜನ ದಾರಿ ಬಿಟ್ಟರು. ಒಬ್ಬರು ಕೈ ಹಿಡಿಯಲು ಹೋದರು. ಟೀಚರ್ ಬಿಡಿಸಿಕೊಂಡು ಬಂದು ಆಲ್ಟೊದವರ ಪಕ್ಕ ನಿಂತರು. ನಾವು ನಿಲ್ಲಿಸಿದೆವು.

"ಇದು ಯಾವ ಹಾಡು?"

"ಹೊಸದು ಟೀಚರ್" ಎಂದರು ಆಲ್ಟೊದವರು. ಅವರು ಗೆಳತಿಯನ್ನು ಹೆಸರು ಹಿಡಿದು ಕರೆಯುವವರು. ಅಂದು ಟೀಚರ್ ಎಂದರು.

"ಚಂದ ಉಂಟು. ಕಲ್ಲಿನ ಹಾಡು ಯಾವಾಗ?"

"ಈ ಸಲ ಇಲ್ಲ" ಎಂದರು ಆಲ್ಟೊದವರು. "ಟೆನರ್ ಇಲ್ಲ ಅಲ್ವಾ."

"ಟೆನರ್ ಇಲ್ಲ ಅಂತ ನನಗೆ ಗೊತ್ತುಂಟು ಮಾರಾಯ್ತಿ. ನೀವು ಹೀಗೆ ಹಾಡಿದರೆ ನನಗೆ ಮರೆತುಹೋಗುತ್ತದಾ? ಇದರಲ್ಲಿ ಅವನು ಇಲ್ಲ ಅಂತಲೂ ಗೊತ್ತಾಗುವುದಿಲ್ಲ. ಅವನು ಇದ್ದ ಅಂತಲೂ ಗೊತ್ತಾಗುವುದಿಲ್ಲ."

ಇದನ್ನು ಅವರು ಮೆಲ್ಲಗೆ ಹೇಳಿದರು. ಹಿಂದೆ ನಿಂತ ಜನರಿಗೆ ಕೇಳಿರಲಾರದು. ಆಲ್ಟೊದವರು ತಮ್ಮ ಸಾಲಿಗೆ ಹೋಗಿ ಸೇರಿಕೊಂಡರು. ಟೀಚರ್ ನಮ್ಮನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಒತ್ತಿ ನಿಂತಿದ್ದೀರಿ. ಸಾಲು ಬಿಡಿಸಿ. ಅಂಕಲ್, ನೀವು ನಿಮ್ಮ ಜಾಗಕ್ಕೆ ಹೋಗಿ."

ಕಂಡಕ್ಟರರು ಸರಿದರು. ನನ್ನ ಬಲಗಡೆ ಜಾಗ ತೆರೆಯಿತು.

"ಮೂರನೆಯ ಸಾಲಿಗೆ ಯಾರೂ ಬಾಯಿ ಹಾಕಬೇಡಿ. ನೀವೂ ಬೇಡ ಅಂಕಲ್. ಉಳಿದವರು ಸ್ವರ ಬಿಡದೆ ನಿಲ್ಲಬೇಕು. ಅಣ್ಣ, ಶ್ರುತಿ ಕೊಡಿ."

ಅಣ್ಣ ಎಂದದ್ದು ನನ್ನನ್ನು. ಶ್ರುತಿ ಕೊಟ್ಟೆ.

ಮೊದಲ ಎರಡು ಸಾಲುಗಳು ಹೇಗೆ ಬಂದವೆಂದು ನಾನು ಹೇಳಲಾರೆ. ನನ್ನ ಬೇಸನ್ನು ಹಿಡಿದುಕೊಳ್ಳಲು ಬಲಗಡೆಯಿಂದ ಏನೂ ಇರಲಿಲ್ಲ. ಟೀಚರಿನ ಎಡಗೈಯನ್ನೇ ನೋಡುತ್ತಿದ್ದೆ. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ನಮ್ಮ ಹಿಂದೆ ಆಕಾಶ ಬಿಳಿಚಿರಬೇಕು, ಅವರ ಮುಖ ಪೂರ್ತಿ ಕಾಣುತ್ತಿತ್ತು. ಮೂರನೆಯ ಸಾಲು ಬಂತು. ಮೂರು ಸ್ವರದವರೂ ತುಟಿ ಮುಚ್ಚಿ ನಿಂತೆವು. ಟೀಚರ್ ಬಲಗೈಯನ್ನು ನನ್ನ ಪಕ್ಕದ ಖಾಲಿ ಜಾಗಕ್ಕೆ ಚಾಚಿದರು. ಎಂದಿನಂತೆ, ಒಂದು ಉಸಿರು ಮೊದಲು.

ಆ ಕೈ ಮೆಲ್ಲಗೆ ಮೇಲೇರಿತು. ಟೆನರ್ ಹತ್ತುವ ಮೆಟ್ಟಿಲುಗಳ ಅಳತೆಗೆ ಸರಿಯಾಗಿ ಏರಿತು, ಎಲ್ಲಿಯೂ ಅವಸರ ಇಲ್ಲ, ಎಲ್ಲಿಯೂ ತಡ ಇಲ್ಲ. ಅವರು ನೋಡುತ್ತಿದ್ದದ್ದು ನೆಲವನ್ನಲ್ಲ, ಆಕಾಶವನ್ನೂ ಅಲ್ಲ, ಅವನಷ್ಟು ಎತ್ತರದ ಹುಡುಗನ ಮುಖ ಎಲ್ಲಿರುತ್ತದೋ ಅಲ್ಲಿಗೆ. ತುಟಿ ಅಲುಗಲಿಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಪ್ರಾಕ್ಟೀಸಿನಲ್ಲಿ ಇರುತ್ತಿದ್ದ, ತಪ್ಪು ಹಿಡಿಯಲು ಕಾಯುವ ಗಣಿತದ ಟೀಚರಿನ ಮುಖವೇ ಅದು. ಕೈ ಮೇಲೆ ಮುಟ್ಟಿದಾಗ ಒಂದು ಸಲ ತಲೆ ಆಡಿಸಿದರು. ಆಮೇಲೆ ಎರಡೂ ಕೈಗಳಿಂದ ನಾಲ್ಕನೆಯ ಸಾಲಿಗೆ ನಮ್ಮನ್ನು ಎಬ್ಬಿಸಿದರು. ಅವರ ಹಿಂದೆ ಜನರ ಮೇಣದ ಬತ್ತಿಗಳು ಹೊತ್ತಿದವು.

ಹಾಡಿನ ಎಲ್ಲ ಚರಣಗಳಲ್ಲೂ ಹೀಗೆಯೇ ನಡೆಯಿತು. ಪ್ರತಿ ಚರಣದ ಮೂರನೆಯ ಸಾಲಿಗೆ ಕೈ ಚಾಚಿದರು. ತಲೆ ಆಡಿಸಿದ್ದು ಮೊದಲನೆಯದಕ್ಕೆ ಮಾತ್ರ.

ಹಾಡು ಮುಗಿದ ಮೇಲೆ ಅವರು ತಿರುಗಿ ತಮ್ಮ ಜಾಗಕ್ಕೆ ಹೋದರು. ಚರ್ಚಿನೊಳಗಿನ ಆರಾಧನೆಗೆ ನಾವು ಆರಿಸಿದ ಏಕಸ್ವರದ ಹಾಡುಗಳನ್ನೇ ಹಾಡಿದೆವು. ಅವರು ಕೊನೆಯ ಬೆಂಚಿನಲ್ಲಿ ಕೂತು ಎಲ್ಲರ ಹಾಗೆ ಹಾಡಿದರು. ಆಮೇಲೆ ಸಭಾಭವನದಲ್ಲಿ ಬನ್ಸ್ ಮತ್ತು ಚಾ ಕೊಡುವಾಗ ಆಲ್ಟೊದವರು ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದರು. ಟೀಚರ್ ಹೋಗಿ, "ನೀನು ಹೊಲಿದದ್ದು ಚೆನ್ನಾಗಿಯೇ ಇತ್ತು, ನಾನು ಬಿಚ್ಚಿಬಿಟ್ಟೆ" ಎಂದದ್ದು ನನಗೆ ಕೇಳಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ವಾರ ಕಳೆಯುವುದರೊಳಗೆ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಸಭೆಯ ಒಬ್ಬರು ನನ್ನನ್ನು ನಿಲ್ಲಿಸಿ, "ನಿಮ್ಮಲ್ಲಿ ಈಸ್ಟರ್ ದಿವಸ ಸತ್ತ ಹುಡುಗನ ಸ್ವರ ಕೇಳಿತಂತೆ, ಹೌದಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು 'ನಿಮಗೆ ಹೇಳಲಿಕ್ಕೆ ಇಷ್ಟ ಇಲ್ಲ' ಎಂಬ ಹಾಗೆ ನಕ್ಕರು. ಆಮೇಲೆ ಒಂದು ವಾಯ್ಸ್ ಮೆಸೇಜ್ ನನ್ನ ಫೋನಿಗೂ ಬಂತು. ಯಾವ ಊರಿನವರೋ ಗೊತ್ತಿಲ್ಲ, ಹೆಂಗಸಿನ ಧ್ವನಿ. ಮೂರು ಸ್ವರಗಳ ನಡುವೆ ನಾಲ್ಕನೆಯದು ಸ್ಪಷ್ಟವಾಗಿ ಎದ್ದಿತೆಂದೂ, ತಾಯಿ ಅಲ್ಲೇ ಕುಸಿದು ಬಿದ್ದರೆಂದೂ, ಎಲ್ಲರೂ ಸ್ತೋತ್ರ ಹೇಳಬೇಕೆಂದೂ ಅದರಲ್ಲಿ ಇತ್ತು. ಟೀಚರ್ ಕುಸಿದು ಬೀಳಲಿಲ್ಲ. ಅದನ್ನು ಅಲ್ಲಿದ್ದ ಎಲ್ಲರೂ ಬಲ್ಲರು.

ಕಾರ್ಕಳದ ಕಡೆಯ ಕೆಲವು ಹೆಂಗಸರು ಟೀಚರಿನ ಮನೆಗೇ ಹೋದರಂತೆ. ಪ್ರಾರ್ಥನೆ ಮಾಡಿ, ಅವರ ಕೈ ಹಿಡಿದು, ನೀವು ಧನ್ಯರು ಎಂದರಂತೆ.

ಅದಾದ ಮೇಲಿನ ಶನಿವಾರ ನಾನು ಚರ್ಚಿನಲ್ಲಿ ಕೀಬೋರ್ಡಿನ ಧೂಳು ಒರೆಸುತ್ತಿದ್ದೆ. ಟೀಚರ್ ಬಂದು ಮುಂದಿನ ಬೆಂಚಿನಲ್ಲಿ ಕೂತರು.

"ಅಣ್ಣ, ನೀವು ಪಕ್ಕದಲ್ಲೇ ಇದ್ದಿರಿ. ನಿಮಗೆ ಎಂತಾದರೂ ಕೇಳಿತಾ?"

ಮೂರು ಸ್ವರ ಕೂಡಿ ಸರಿಯಾಗಿ ನಿಂತರೆ ಒಮ್ಮೊಮ್ಮೆ ನಾಲ್ಕನೆಯದು ಸಣ್ಣಗೆ ಕೇಳಿದ ಹಾಗೆ ಆಗುವುದುಂಟು. ಹಾಡುವವರಿಗೆ, ನುಡಿಸುವವರಿಗೆ ಅದು ಗೊತ್ತು. ಅದನ್ನು ಹೇಳಬಹುದಿತ್ತು. ಆದರೆ ಅಂದು ನನ್ನ ಬಲ ಕಿವಿಗೆ ಅದೂ ಕೇಳಿರಲಿಲ್ಲ. ಗೇರು ಮರದಲ್ಲಿ ಒಂದು ಹಕ್ಕಿ, ಹೆದ್ದಾರಿಯಲ್ಲಿ ಒಂದು ಲಾರಿ, ಅಷ್ಟೇ.

"ಇಲ್ಲ ಟೀಚರ್" ಎಂದೆ.

"ಸರಿಯಾಗಿ ನೆನಪು ಮಾಡಿ."

"ಸರಿಯಾಗಿ ನೆನಪುಂಟು. ಇಲ್ಲ."

ನಾನು ಕೇಳಿಬಿಟ್ಟೆ: "ನೀವು ತಲೆ ಆಡಿಸಿದಿರಿ ಟೀಚರ್. ನಿಮಗೆ ಕೇಳಿತೋ ಏನೋ ಎಂದು ನನಗೆ ಅನಿಸಿತು."

"ಅದು ಅಭ್ಯಾಸ" ಎಂದರು. "ಇಷ್ಟು ವರ್ಷ ಮಾಡಿದ್ದು, ತಲೆ ತಾನಾಗಿ ಆಡಿತು. ಎರಡನೆಯ ಚರಣಕ್ಕೆ ಹುಷಾರಾದೆ." ಮತ್ತೆ ಹೇಳಿದರು, "ಅವರೆಲ್ಲ ಬಂದು ಕೇಳಿತು ಕೇಳಿತು ಅನ್ನುತ್ತಾರೆ ಅಣ್ಣ. ಹಿಂದೆ ನಿಂತವರಿಗೆ ಕೇಳಿತಂತೆ. ಎದುರು ನಿಂತ ನನಗೆ ಯಾಕೆ ಕೇಳಲಿಲ್ಲ?"

"ಯಾರಿಗೂ ಕೇಳಲಿಲ್ಲ ಟೀಚರ್, ಅವರು ಸುಮ್ಮನೆ ಹೇಳುತ್ತಾರೆ" ಎಂದೆ. ಹಾಗೆ ಹೇಳಿದ್ದರಿಂದ ಅವರಿಗೆ ಸಮಾಧಾನ ಆಯಿತೋ, ಇದ್ದ ಒಂದು ಎಳೆಯೂ ತುಂಡಾಯಿತೋ, ನನಗೆ ತಿಳಿಯಲಿಲ್ಲ. "ಸರಿ" ಎಂದು ಎದ್ದು ಹೋದರು.

ನಮ್ಮ ಸಾಲಿನವರನ್ನೆಲ್ಲ ಅವರು ಒಬ್ಬೊಬ್ಬರನ್ನಾಗಿ ಕೇಳಿದರು. ಆಲ್ಟೊದವರು ಇಲ್ಲ ಎಂದರು, ಸೊಪ್ರಾನೊದವರೂ ಇಲ್ಲ ಎಂದರು. ಕೊನೆಗೆ ಕುಕ್ಕುಂದೂರಿಗೆ ಬಸ್ಸಿನಲ್ಲಿ ಹೋಗಿ ಕಂಡಕ್ಟರರನ್ನು ಕೇಳಿದರು. ಆಗಲೇ ಅವರು ಉಬ್ಬಸ ಜೋರಾಗಿ ಮಲಗಿದ್ದರು. ಅವರು ಕೇಳಿತು ಎಂದರು.

ಆಮೇಲೆ ನಾನು ನೋಡಲು ಹೋದಾಗ ಅವರ ಮಂಚದ ಪಕ್ಕ ಕೂತು ಕೇಳಿದೆ. "ಅಂಕಲ್, ಟೀಚರಿಗೆ ಹಾಗೆ ಹೇಳಿದಿರಂತೆ."

"ಹೇಳಿದೆ."

"ನಿಜವಾಗಿ ಕೇಳಿತಾ?"

"ನೀನು ಜಾಗದ ಆ ಕಡೆ ಇದ್ದೆ ಮಾರಾಯ, ನಾನು ಈ ಕಡೆ" ಎಂದರು. "ನಿನಗೆ ಕೇಳದಿದ್ದರೆ ನಾನೆಂತ ಮಾಡಲಿ?"

ಹೇಳುವಾಗ ಅವರು ನಗಲಿಲ್ಲ. ತಮಾಷೆಯ ಮನುಷ್ಯ, ಮಾತಿಗೆ ಮಾತು ಸೇರಿಸಿ ನಗಿಸುವವರು, ಅಂದು ಮುಖ ಗೋಡೆಯ ಕಡೆಗೆ ತಿರುಗಿಸಿದರು. ತಾಯಿಗೆ ಇಲ್ಲ ಎನ್ನಲಾರದೆ ಹೇಳಿದ ಮಾತೋ, ಅಥವಾ ಅವರ ಕಿವಿಗೆ ಏನಾದರೂ ಕೇಳಿಯೇ ಇತ್ತೋ, ನಾನು ತೀರ್ಮಾನಿಸಲಾರೆ. ಯಾರಾದರೂ ಮುಂದೆ ಹೋದರೆ ಅವರ ಬೆನ್ನು ಹಿಡಿದು ಮಾತ್ರ ಟೆನರ್ ಹಾಡಬಲ್ಲವರು ಅವರು. ನನಗೆ ಗೊತ್ತಿರುವುದು ಇಷ್ಟು: ಆ ಬೆಳಗ್ಗೆ ಅವರ ಬಾಯಿ ಮುಚ್ಚಿತ್ತು. ಮಳೆಗಾಲ ಮುಗಿಯುವ ಮೊದಲು ಅವರು ತೀರಿಕೊಂಡರು.

ಟೀಚರ್ ಮತ್ತೆ ಕ್ವಯರಿಗೆ ಬರಲಿಲ್ಲ. ಹಾಡುಗಳನ್ನು ಆಲ್ಟೊದವರೇ ಆರಿಸುತ್ತಾರೆ. ಪ್ರತಿ ವರ್ಷ ಆ ಜಗಲಿಯಲ್ಲಿ ಕೂತಾಗ ಕಲ್ಲಿನ ಹಾಡಿನ ಪುಟ ಬರುತ್ತದೆ, ಅವರು ನನ್ನ ಮುಖ ನೋಡುತ್ತಾರೆ, ಪುಟ ಮಗುಚುತ್ತಾರೆ. ಈಗ ನಮ್ಮಲ್ಲಿ ಟೆನರ್ ಹಾಡುವ ಇಬ್ಬರು ಹುಡುಗರಿದ್ದಾರೆ. ಅವರಿಗೆ ಆ ಹಾಡು ಬರುವುದಿಲ್ಲ, ಕಲಿಸಿದವರೂ ಇಲ್ಲ. ಟೀಚರ್ ಈಸ್ಟರ್ ಬೆಳಗ್ಗೆ ಬರುತ್ತಾರೆ, ಆ ಮೂಲೆಯಲ್ಲಿ ನಿಲ್ಲುತ್ತಾರೆ. ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಅದರ ಬಗ್ಗೆ ಮತ್ತೆ ಕೇಳಿಲ್ಲ. ಕುಕ್ಕುಂದೂರಿನಲ್ಲಿ ಸಿಕ್ಕಿದ ಆ ಒಂದು ಹೌದನ್ನು ಅವರು ಇಟ್ಟುಕೊಂಡಿದ್ದಾರೋ ಬಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ನನ್ನ ಇಲ್ಲ ಎಂಬುದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಹಾಗೆಂದು ಅವರ ಕೈಯಿಂದ ಆ ಹೌದನ್ನು ಕಿತ್ತುಕೊಳ್ಳುವ ಮನಸ್ಸೂ ನನಗಿಲ್ಲ.

ಅಂದಿನ ಅಯ್ಯನವರು ಮೂರನೆಯ ಸಾಲಿನ ಹೊತ್ತಿಗೆ ಪ್ರಾರ್ಥನೆಯ ಪುಸ್ತಕ ನೋಡುತ್ತಿದ್ದರಂತೆ, ಈಗ ಬೇರೆ ಜಿಲ್ಲೆಯಲ್ಲಿದ್ದಾರೆ. ಗೋಡೆಗೆ ಬೆನ್ನು ಮಾಡಿ ನಿಂತು ಆ ಕೈ ಏರಿದ್ದನ್ನು ಕಂಡವರಲ್ಲಿ ಈಗ ಇರುವವರು ನಾವು ಕೆಲವರು. ಕಾಪುವಿನ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿರುವ ಆಲ್ಟೊದವರು. ಸೊಪ್ರಾನೊ ಹಾಡುತ್ತಿದ್ದ ಅಕ್ಕತಂಗಿಯರು, ಒಬ್ಬರು ಮಣಿಪಾಲದಲ್ಲಿ ನರ್ಸ್, ಇನ್ನೊಬ್ಬರು ಮದುವೆಯಾಗಿ ಕಾರ್ಕಳದಲ್ಲಿದ್ದಾರೆ. ದಕ್ಷಿಣದ ತುದಿಯಲ್ಲಿದ್ದ ನಾನು. ಮತ್ತೆ, ನಮ್ಮ ಎದುರು ನಿಂತು ಆ ಕೈಯನ್ನು ಎತ್ತಿದ ಟೀಚರ್.